ಎರಡನೆಯ ದಿನ ಹೋದ ಓಲೆಕಾರ

"ಗುರುಗಳೇ, ಅಳೆದು ನೋಡಿದೆ. ಶಾಂತವೀರಣ್ಣನವರ ಕ್ಲೈಂಟ್‌ಗಿಂತ ನಾನು ಬರೆದದ್ದು ಮೂರು ಪಟ್ಟು ಬೇಗ. ಅವರದನ್ನು ತೆಗೆದುಹಾಕಲು ಅಪ್ಪಣೆ ಕೊಡುತ್ತೀರಾ?" ಎಂದು ಶಿಷ್ಯ ನಿರಂಜನ ಕೇಳಿದ.

ಮಠದ ತಾಳೆಗರಿ ಗ್ರಂಥಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಕೇಳಿದ್ದನ್ನು ಹುಡುಕಿಕೊಡುವ ಸರ್ವರ್ ಒಂದನ್ನು ಇಟ್ಟಿದ್ದರು. ಒಮ್ಮೆ ಹುಡುಕಿದ್ದನ್ನು ಅದು ಕೆಲಕಾಲ ಕೈಗೆಟಕುವಂತೆ ಇಟ್ಟುಕೊಳ್ಳುತ್ತಿತ್ತು. ಓದುಗರ ಪ್ರಶ್ನೆಯನ್ನು ಸರ್ವರಿಗೆ ಒಯ್ದು ಉತ್ತರ ತರುವ ಪ್ರೋಗ್ರಾಮಿಗೆ ಕ್ಲೈಂಟ್ ಎನ್ನುತ್ತಿದ್ದರು. ಅದನ್ನು ಮಠದ ಹಿರಿಯ ಶಾಂತವೀರಣ್ಣನವರೂ ನಿರಂಜನನೂ ಬೇರೆ ಬೇರೆಯಾಗಿ ಬರೆದಿದ್ದರು. ಎರಡಕ್ಕೂ ಅವೇ ಸಾವಿರ ಪ್ರಶ್ನೆಗಳನ್ನು ಕೊಟ್ಟು ನಿರಂಜನ ಹೊತ್ತು ಅಳೆದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ದೊಡ್ಡ ಗ್ರಂಥಭಂಡಾರವಿತ್ತು. ಅದನ್ನು ನೋಡಿಕೊಳ್ಳಲು ಒಬ್ಬನೇ ಭಂಡಾರಿ. ಯಾವ ಜ್ವರಕ್ಕೆ ಯಾವ ಬೇರು, ಯಾವ ಮಣ್ಣಿಗೆ ಯಾವ ಬೀಜ ಎಂದು ಸುತ್ತಲ ಹಳ್ಳಿಗಳವರು ಕೇಳಿ ಕಳಿಸುತ್ತಿದ್ದರು. ಓಲೆಕಾರ ಪ್ರಶ್ನೆ ಒಯ್ಯುವನು. ಭಂಡಾರಿ ಗ್ರಂಥ ಹುಡುಕಿ ಕೊಡುವನು. ಓಲೆಕಾರ ಉತ್ತರ ಬರೆದುಕೊಂಡು ಮರಳುವನು.

ಉತ್ತರ ತಡವಾಗುತ್ತಿದೆ ಎಂದು ದೂರು ಬಂತು. ಊರಿನ ಯಜಮಾನ, ಇಪ್ಪತ್ತು ವರ್ಷ ಓಡಾಡಿದ್ದ ಹಳೆಯ ಓಲೆಕಾರನ ಎದುರಿಗೆ ಹೊಸಬನೊಬ್ಬನನ್ನು ನಿಲ್ಲಿಸಿದ. ಇಬ್ಬರಿಗೂ ಅವೇ ನಲವತ್ತು ಪ್ರಶ್ನೆ; ಬೇಗ ಬಂದವನಿಗೆ ಕೆಲಸ ಎಂದ. ಹಳಬ ಮೊದಲ ದಿನ ಬೆಳಿಗ್ಗೆ ಹೋದವನು ಹೊತ್ತು ಇಳಿದ ಮೇಲೆ ಬಂದ. ಹೊಸಬ ಮರುದಿನ ಹೋಗಿ ಮಧ್ಯಾಹ್ನದೊಳಗೆ ಬಂದುಬಿಟ್ಟ. ಜನ ಅವನ ಬೆನ್ನು ತಟ್ಟಿದರು. ಹಳಬ ತನ್ನ ಜೋಳಿಗೆಯನ್ನು ಗೂಟಕ್ಕೆ ಹಾಕಿ, "ಒಳ್ಳೆಯದಾಗಲಿ ತಮ್ಮಾ" ಎಂದು ಹರಸಿ ಮನೆಗೆ ಹೋದ.

ಮರುದಿನವೇ ಹೊಸಬನಿಗೆ ಮೊದಲ ಪ್ರಶ್ನೆ ಬಂತು. ಒಬ್ಬ ತಾಯಿ ಕೂಸಿನ ಜ್ವರಕ್ಕೆ ಮದ್ದು ಕೇಳಿ ಕಳಿಸಿದಳು. ಹೊಸಬ ಒಂದೇ ಉಸಿರಿಗೆ ಓಡಿದ. ಭಂಡಾರಿ ಮೊಣಕಾಲು ಹಿಡಿದುಕೊಂಡು ಎದ್ದ. ಅಟ್ಟಕ್ಕೆ ಏಣಿ ಚಾಚಿ, ಒಂದು ಮೆಟ್ಟಿಲು ಹತ್ತಿ ನಿಂತ. ಇನ್ನೊಂದು ಹತ್ತಿ ನಿಂತ. ಹೊಸಬನಿಗೆ ಜೀವ ಬಾಯಿಗೆ ಬಂತು. ಮುದುಕನನ್ನು ಕೆಳಗಿಳಿಸಿ ತಾನೇ ಹತ್ತಿದ. ಮುದುಕ ಕೆಳಗಿನಿಂದ ಹೇಳಿದ ಕಟ್ಟನ್ನು ಹುಡುಕಿ ಇಳಿಸಿ, ಧೂಳು ಕೊಡವಿ, ದಾರ ಬಿಚ್ಚಿ, ಉತ್ತರ ಬರೆದುಕೊಂಡು ಓಡಿದ. ಮದ್ದು ಸಿಕ್ಕಿತು. ಕೂಸು ಉಳಿಯಿತು.

ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಮರುದಿನ ಭಂಡಾರಿಯ ಬಳಿ ಹೋಗಿ ಕೇಳಿದ.

"ಅಜ್ಜಾ, ಪರೀಕ್ಷೆಯ ದಿನ ಕೇಳಿದ್ದೆಲ್ಲ ಕೈಗೆ ಬಂತು. ನಿನ್ನೆ ಒಂದಕ್ಕೇ ಇಷ್ಟು ಹೊತ್ತಾಯಿತಲ್ಲ?"

"ಆ ಗ್ರಂಥಗಳೆಲ್ಲ ಅವತ್ತು ಕೆಳಗೇ ಇದ್ದವಪ್ಪ. ಹಿಂದಿನ ದಿನ ಹಳಬ ನನ್ನನ್ನು ಏಣಿ ಹತ್ತಲು ಬಿಡಲಿಲ್ಲ. ನಲವತ್ತನ್ನೂ ತಾನೇ ಇಳಿಸಿದ. ಸಂಜೆ ನಾನು ಮೇಲಿಡಲು ಹೊರಟರೆ, 'ಬೇಡ, ನಾಳೆ ಬರುವವನಿಗೂ ಇವೇ ಬೇಕು, ಇಲ್ಲೇ ಇರಲಿ' ಎಂದ."

"ಹಾಗೆ ಬಿಟ್ಟರೆ ತನ್ನ ಕೆಲಸ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ?"

"ನಾನೂ ಅದನ್ನೇ ಹೇಳಿದೆ. ನಕ್ಕುಬಿಟ್ಟ."

ಹೊಸಬ ಅಲ್ಲಿಂದ ನೇರವಾಗಿ ಹಳಬನ ಮನೆಗೆ ನಡೆದ. ಹಳಬ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ. ಹೊಸಬ ಅವನ ಪಾದ ಮುಟ್ಟಿದ. ಕಣ್ಣು ತುಂಬಿ ಬಂತು. ಹಳಬ ಅವನನ್ನು ಹಿಡಿದೆತ್ತಿ ಹೇಳಿದ: "ನಾನು ಕೆಲಸಕ್ಕೆ ಸೇರಿದ ದಿನವೂ ನನಗೆ ಬೇಕಾದ ಗ್ರಂಥ ಕೆಳಗೇ ಇತ್ತು. ಇಳಿಸಿಟ್ಟವರು ಯಾರೋ ಗೊತ್ತಾಗಲೇ ಇಲ್ಲ. ಕೈಮುಗಿಯಲು ನಿನಗೊಬ್ಬ ಮನುಷ್ಯನಾದರೂ ಸಿಕ್ಕಿದ."

ಇಬ್ಬರೂ ಯಜಮಾನನ ಬಳಿಗೆ ಹೋದರು. ಹೊಸಬ ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿ, ಕೆಲಸ ಹಳಬನಿಗೇ ಸಲ್ಲಬೇಕು ಎಂದ. ಯಜಮಾನ ಇಬ್ಬರನ್ನೂ ಇಟ್ಟುಕೊಂಡ. ಹೊಸಬ ಓಲೆ ಒಯ್ಯತೊಡಗಿದ, ಹಳಬ ಭಂಡಾರಿಯ ಜೊತೆಗೆ ನಿಂತು ಗ್ರಂಥ ಇಳಿಸಿಕೊಟ್ಟ. ಆಮೇಲೆ ಉತ್ತರ ತಡವಾಯಿತೆಂದು ಯಾರೂ ದೂರಲಿಲ್ಲ.

ಕತೆ ಮುಗಿಯಿತು. ನಿರಂಜನ, "ಆದರೂ ಗುರುಗಳೇ, ಆ ಇಬ್ಬರಲ್ಲಿ ನಿಜವಾಗಿ ವೇಗದವನು ಯಾರು?" ಎಂದ.

ಗುರುಗಳು ಕೇಳಿದರು: "ನಿನ್ನ ಪರೀಕ್ಷೆಯಲ್ಲಿ ಮೊದಲು ಕಳಿಸಿದ್ದು ಯಾರ ಕ್ಲೈಂಟನ್ನು?"

"ಅವರದನ್ನು" ಎಂದ ನಿರಂಜನ, ಸರ್ವರನ್ನು ಹೊಸದಾಗಿ ಆರಂಭಿಸಿ ಈ ಸಲ ತನ್ನದನ್ನು ಮೊದಲು ಕಳಿಸಿ ಅಳೆಯಲು ಎದ್ದು ಹೊರಟ.