ಕೆರೆ ಏರಿಯ ಸುತ್ತುದಾರಿ

“ಗುರುಗಳೇ, ಒಬ್ಬನ ನಡೆಯನ್ನು ನೋಡಿ ಅವನ ಮನಸ್ಸು ಎಂಥದ್ದೆಂದು ಹೇಳಬಹುದಲ್ಲವೇ?” ಎಂದು ಚೆನ್ನವೀರ ಕೇಳಿದ.

ಅವನ ಕಣ್ಣು ಇದ್ದದ್ದು ಸಹಪಾಠಿ ಸಂಗಯ್ಯನ ಮೇಲೆ. ಪಾಠದ ಹೊತ್ತಿನಲ್ಲಿ ಸಂಗಯ್ಯ ಬಾಗಿಲ ಬಳಿಯೇ ಕೂರುತ್ತಾನೆ, ಮುಂದೆ ಬರುವುದಿಲ್ಲ, ಬಾಯಿ ಬಿಡುವುದಿಲ್ಲ. ತಾನು ಬಹಳ ಕಾಲದಿಂದ ಗಮನಿಸಿದ್ದೇನೆ, ಅವನಿಗೆ ಬೇಕಾಗಿರುವುದು ಮಠದ ಊಟವೇ ಹೊರತು ಓದಲ್ಲ, ಊರಿಗೆ ಕಳುಹಿಸಿಬಿಡುವುದೇ ಲೇಸು ಎಂದು ಚೆನ್ನವೀರ ವಾದಿಸಿದ. ಆಗ ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ನಗರಸಭೆಯವರು ಬಾಡಿಗೆ ಸೈಕಲ್ಲುಗಳನ್ನು ಇಟ್ಟಿದ್ದರು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಟ್ಟು ಹೋಗಬಹುದು. ಯಾವ ಸೈಕಲ್ಲು ಯಾವ ಬೀದಿಯಲ್ಲಿ ಹೋಯಿತೆಂಬುದು ಕಚೇರಿಯ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಆ ಗೆರೆಗಳನ್ನು ನೋಡಿ, ಯಾವ ರಸ್ತೆಯನ್ನು ಸರಿಮಾಡಬೇಕೆಂದು ಹೇಳಲು ಒಬ್ಬ ಅಧಿಕಾರಿಯಿದ್ದ. ಒಳ್ಳೆಯವನು. ಜನರಿಗೆ ಏನಾದರೂ ಮಾಡಬೇಕೆಂಬ ಹಂಬಲ ಅವನಿಗೆ ನಿಜವಾಗಿಯೂ ಇತ್ತು.

ಬಟ್ಟೆ ಕಾರ್ಖಾನೆಯಿಂದ ಕಾರ್ಮಿಕರ ಮನೆಗಳಿಗೆ ಪೇಟೆಯ ಮೂಲಕ ನೇರ ರಸ್ತೆಯಿತ್ತು. ಆದರೆ ಗೆರೆಗಳೆಲ್ಲ ಕೆರೆ ಏರಿಯನ್ನು ಸುತ್ತಿ ಹೋಗುತ್ತಿದ್ದವು. ಅಧಿಕಾರಿಗೆ ಹಿಗ್ಗೋ ಹಿಗ್ಗು. ಪಾಪ, ದಿನವಿಡೀ ದುಡಿದವರಿಗೆ ಕೆರೆಯ ಗಾಳಿ ಬೇಕು ಎಂದುಕೊಂಡ. ಏರಿಯ ಉದ್ದಕ್ಕೂ ಹೊಂಗೆ ಗಿಡ ನೆಟ್ಟು, ಕಲ್ಲುಬೆಂಚು ಹಾಕಿಸುವ ಯೋಜನೆ ಬರೆದ. ಪೇಟೆ ರಸ್ತೆ ಲಾರಿಗಳಿಗೇ ಇರಲಿ, ಸೈಕಲ್ಲಿನವರಿಗೆ ಅದು ಬೇಡವಾಗಿದೆ ಎಂದು ಕೊನೆಯಲ್ಲಿ ಸೇರಿಸಿದ.

ಅದನ್ನು ಸಭೆಗೆ ಒಪ್ಪಿಸುವ ಮುನ್ನ ಆ ಗಾಳಿಯನ್ನು ತಾನೂ ಸವಿಯೋಣವೆಂದು ಒಂದು ಸಂಜೆ ಸೈಕಲ್ಲು ಹತ್ತಿ ಏರಿಗೆ ಬಂದ. ಮುಂದೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಪೆಡಲು ತುಳಿಯುತ್ತಿದ್ದಳು. ಅವಳ ಪಕ್ಕಕ್ಕೆ ಬಂದು, ಇಲ್ಲಿಯ ಗಾಳಿ ಹಿತವಾಗಿದೆಯಲ್ಲವೇ ಎಂದು ಕೇಳಿದ.

“ಗಾಳಿ ಯಾರಿಗೆ ಬೇಕಾಗಿತ್ತು ಸ್ವಾಮಿ? ಹಾಲು ಕುಡಿಯೋ ಕೂಸು ಮನೇಲಿ ಅಳ್ತಾ ಇರುತ್ತೆ. ಆದ್ರೆ ಆ ಪೇಟೆ ರಸ್ತೇಲಿ ಹೋದ್ರೆ ನಾನು ಮನೆ ಸೇರ್ತೀನೋ ಇಲ್ವೋ” ಎಂದು ಹೇಳಿ ಅವಳು ನಿಲ್ಲದೆ ಮುಂದೆ ಹೋದಳು.

ಅಧಿಕಾರಿ ಅಲ್ಲಿಂದಲೇ ತಿರುಗಿ ಪೇಟೆ ರಸ್ತೆಗೆ ಬಂದ. ಅಲ್ಲಿ ಅವನು ದಿನವೂ ಓಡಾಡಿದವನೇ, ಆದರೆ ಜೀಪಿನಲ್ಲಿ. ಈಗ ಒಂದು ಲಾರಿ ಅವನ ತೋಳು ಸವರಿಕೊಂಡು ಹೋಯಿತು. ಅದರ ಹಿಂದೆಯೇ ಒಂದು ಜೀಪು ಹಾರನ್ ಹೊಡೆಯುತ್ತ ಅವನನ್ನು ಚರಂಡಿಯ ಅಂಚಿಗೆ ಒತ್ತಿತು. ಅವನು ಕೆಳಗಿಳಿದು ಸೈಕಲ್ಲು ತಳ್ಳಿಕೊಂಡು ನಡೆದ. ತನ್ನ ಜೀಪೂ ಎಷ್ಟು ಜನರನ್ನು ಹೀಗೆ ಏರಿಯ ಕಡೆಗೆ ಅಟ್ಟಿದೆಯೋ ಎಂದು ನಾಚಿಕೆಪಟ್ಟ.

ಯೋಜನೆಯನ್ನು ಹರಿದು ಹಾಕಿ ಬೇರೆ ಬರೆದ. ಪೇಟೆ ರಸ್ತೆಯ ಒಂದು ಬದಿಗೆ ಕಲ್ಲು ನೆಡಿಸಿ, ಸೈಕಲ್ಲಿಗೆಂದೇ ದಾರಿ ಬಿಡಿಸಿದ. ಕೆಲವೇ ದಿನಗಳಲ್ಲಿ ಗೆರೆಗಳೆಲ್ಲ ಪೇಟೆಗೆ ಸರಿದವು. ಏರಿಯ ಮೇಲೆ ಗಾಳಿ ಮೊದಲಿನಷ್ಟೇ ಹಿತವಾಗಿ ಬೀಸುತ್ತಿತ್ತು, ಸವಿಯಲು ಒಬ್ಬರೂ ಇರಲಿಲ್ಲ. ಆ ತಾಯಿ ಮಾತ್ರ ಕೂಸಿಗೆ ಹಸಿವಾಗುವ ಹೊತ್ತಿಗೆ ಮನೆ ಸೇರುತ್ತಿದ್ದಳು.

ಕತೆ ಕೇಳಿದ ಚೆನ್ನವೀರ, ಆ ಅಧಿಕಾರಿ ಎಂಥ ದಡ್ಡ ಎಂದು ಗಟ್ಟಿಯಾಗಿ ನಕ್ಕ.

ಗುರುಗಳು ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

“ಮೊದಲ ದಿನ ಸಂಗಯ್ಯ ತಡವರಿಸಿ ಓದಿದಾಗ, ಹೀಗೆಯೇ ನಕ್ಕವನು ಯಾರು, ಮಗು?”