ಕೆಳಸಾಲಿನ ಪೆಟ್ಟಿಗೆ

"ಗುರುಗಳೇ, ನನ್ನ ಯೋಜನೆಯಲ್ಲಿ ಏನು ಬಿಟ್ಟುಹೋಗಿದೆ?" ಎಂದು ವಿರೂಪಾಕ್ಷ ಕೇಳಿದ.

ಅವನು ಆಸ್ಪತ್ರೆಗಳಿಗೆ ಔಷಧಿ ಒದಗಿಸುವ ಒಂದು ದೊಡ್ಡ ಕಂಪನಿಯಲ್ಲಿ ಕೆಲಸಕ್ಕಿದ್ದ. ಬೇಡಿಕೆ, ದಾಸ್ತಾನು, ರವಾನೆ ಎಲ್ಲವನ್ನೂ ನಡೆಸುವ ಸಾಫ್ಟ್‌ವೇರು ಇಪ್ಪತ್ತು ವರ್ಷದಿಂದ ಹಳೆಯ ಕಂಪ್ಯೂಟರುಗಳಲ್ಲೇ ಓಡುತ್ತಿತ್ತು. ಅದನ್ನು ಹೊಸ ಸರ್ವರುಗಳಿಗೆ ಸಾಗಿಸುವ ಹೊಣೆ ಅವನದು. ಯಾವ ದಿನ ಯಾವುದು ಹೋಗಬೇಕೆಂದು ನಾನೂರು ಸಾಲಿನ ಪಟ್ಟಿ ಬರೆದಿದ್ದ. ಏಳು ಸಲ ತಿದ್ದಿದ್ದ. ಆದರೂ ನೆಮ್ಮದಿ ಇರಲಿಲ್ಲ.

ಗುರುಗಳು ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನದು ಗ್ರಂಥಿಗೆ ಅಂಗಡಿ. ನಾರು, ಬೇರು, ಚಕ್ಕೆ, ಮದ್ದಿನ ಸಾಮಾನು ಮಾರುತ್ತಿದ್ದ. ಅಂಗಡಿ ಅಜ್ಜನ ಕಾಲದ್ದು. ಗೋಡೆಯ ತುಂಬ ಮರದ ಪೆಟ್ಟಿಗೆಗಳು, ಒಂದರ ಮೇಲೂ ಹೆಸರಿಲ್ಲ. ಯಾವುದು ಎಲ್ಲಿದೆ ಎಂಬುದು ಬೇರು ಆಯುವ ಮುದುಕಿಯೊಬ್ಬಳಿಗೆ ಮಾತ್ರ ಗೊತ್ತಿತ್ತು. ಆಕೆಗೆ ಓದು ಬರಹ ಬಾರದು.

ವ್ಯಾಪಾರಿ ಪೇಟೆಯಲ್ಲಿ ಹೊಸ ಮಳಿಗೆ ಕಟ್ಟಿಸಿದ. ಸಾಮಾನು ಸಾಗಿಸಲು ಮುದುಕಿಯಿಂದ ಹೇಳಿಸಿ ಪಟ್ಟಿ ಬರೆದುಕೊಂಡ. ಆಕೆ ಒಂದೊಂದಕ್ಕೂ ಏನೋ ಸೇರಿಸಲು ಬಾಯಿ ತೆರೆದರೆ, "ಹೆಸರಷ್ಟೇ ಸಾಕು" ಎನ್ನುತ್ತಿದ್ದ. ಹೊಸ ಅಳಿಯನನ್ನು ಕಂಡಷ್ಟೇ ಅಕ್ಕರೆ ಅವನಿಗೆ ಆ ಪಟ್ಟಿಯನ್ನು ಕಂಡರೆ. ಅದು ಮುಗಿದ ಮೇಲೆ ಮುದುಕಿ ಮೂರು ಸಲ ಅವನ ಬಾಗಿಲಿಗೆ ಬಂದಳು.

"ಒಂದ್ ಮಾತಿತ್ತು, ಯಜಮಾನ್ರೇ."

"ಎಲ್ಲಾ ಪಟ್ಟೀಲಿದೆ ಕಣಮ್ಮ. ನೀನು ತಲೆ ಕೆಡಿಸ್ಕೋಬೇಡ."

ಮೂರನೆಯ ಸಲ ಅವನು ತಲೆಯನ್ನೂ ಎತ್ತಲಿಲ್ಲ. ಹೊಸ ಮಳಿಗೆಯಲ್ಲಿ ಪ್ರತಿ ಪೆಟ್ಟಿಗೆಯ ಮೇಲೂ ಹೆಸರಿರುತ್ತದೆ, ಹುಡುಕಿಕೊಡುವವರು ಬೇಕಿರಲಿಲ್ಲ. ಆಕೆಗೊಂದು ಸೀರೆ ಕೊಟ್ಟು ಮನೆಗೆ ಕಳಿಸಿಬಿಟ್ಟ.

ಸಾಗಿಸುವಾಗ ವತ್ಸನಾಭಿ ಎಂಬ ಬೇರು ಎರಡು ಪೆಟ್ಟಿಗೆಗಳಲ್ಲಿ ಸಿಕ್ಕಿತು. ಮೇಲುಸಾಲಿನಲ್ಲಿ ಒಂದು, ನೆಲಕ್ಕೆ ತಾಗಿದ ಕೆಳಸಾಲಿನಲ್ಲಿ ಒಂದು. ಒಂದೇ ಬೇರಿಗೆ ಎರಡು ಪೆಟ್ಟಿಗೆ ಯಾಕೆಂದು ವ್ಯಾಪಾರಿ ನಕ್ಕ. ಎರಡನ್ನೂ ಒಂದಕ್ಕೇ ಸುರಿದ. ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾಯಿತೆಂದು ಹಿಗ್ಗಿದ.

ವ್ಯಾಪಾರಿಗೆ ಒಬ್ಬನೇ ತಮ್ಮ. ಹೆತ್ತವರು ತೀರಿಕೊಂಡ ಮೇಲೆ ತಾನೇ ತುತ್ತಿಟ್ಟು ಬೆಳೆಸಿದ್ದ ತಮ್ಮ. ಮೂರು ದಿನ ಪೆಟ್ಟಿಗೆ ಹೊತ್ತು ಹೊತ್ತು ಅವನಿಗೆ ಜ್ವರ ಬಂತು. ವೈದ್ಯರು ವತ್ಸನಾಭಿ ಸೇರಿದ ಮದ್ದು ಹೇಳಿದರು. ವ್ಯಾಪಾರಿ ಮಳಿಗೆಗೆ ಓಡಿದ. ಬಗ್ಗಬೇಕಾಗಲಿಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ. ತಾನೇ ತೂಗಿ, ತಾನೇ ಅರೆದು ಕುಡಿಸಿದ. ಸ್ವಲ್ಪ ಹೊತ್ತಿಗೆ ತಮ್ಮನ ನಾಲಿಗೆ ಮರಗಟ್ಟಿತು. ಕೈಕಾಲು ತಣ್ಣಗಾದವು. ಸಂಜೆಯೊಳಗೆ ಅಣ್ಣನ ತೊಡೆಯ ಮೇಲೆಯೇ ಉಸಿರು ನಿಂತಿತು.

ಮುದುಕಿ ಮಣ್ಣಿಗೆ ಬಂದಳು. ವ್ಯಾಪಾರಿ ಆಕೆಯನ್ನು ಕೇಳಿದ: "ಅವತ್ತು ಏನು ಹೇಳೋಕೆ ಬಂದಿದ್ದೆ?"

"ಆ ಬೇರು ವಿಷ, ಯಜಮಾನ್ರೇ. ಮೂರು ದಿನ ಗಂಜಲದಲ್ಲಿ ನೆನೆಹಾಕಿ ಒಣಗಿಸಿದ್ರೇನೇ ಮದ್ದು. ಮದ್ದಾಗಿದ್ದು ಮೇಲೆ, ಆಗದೇ ಇದ್ದದ್ದು ಕೆಳಗೆ. ಕೆಳಗಿಂದು ತೆಗೆಯೋರು ನೆಲಕ್ಕೆ ಕೂತ್ಕೋಬೇಕು, ಕೂತಾಗ ಒಂದ್ ಗಳಿಗೆ ಯೋಚ್ನೆ ಮಾಡ್ತಾರೆ ಅಂತ ನಿಮ್ಮ ಅಜ್ಜನೋರು ಹಂಗಿಟ್ಟಿದ್ರು. ಅದೊಂದು ಪೆಟ್ಟಿಗೆ ನಾನೇ ಹೊತ್ತು ತರ್ಲಾ ಅಂತ ಕೇಳೋಕೆ ಬಂದಿದ್ದೆ."

ತಿಥಿ ಮುಗಿದ ಮೇಲೆ ವ್ಯಾಪಾರಿ ಮಳಿಗೆಗೆ ಹೋಗಿ ಪಟ್ಟಿ ಹಿಡಿದು ಎಲ್ಲವನ್ನೂ ತೂಗಿ ನೋಡಿದ. ತಮ್ಮನಿಗೆ ಕೊಟ್ಟದ್ದನ್ನು ಬಿಟ್ಟರೆ ಒಂದು ತೊಲ ಸಾಮಾನೂ ಕಡಿಮೆಯಾಗಿರಲಿಲ್ಲ. ಆಗ ಅವನು ಬಾಯಿಬಿಟ್ಟು ಅತ್ತ. ಅಲ್ಲಿಯವರೆಗೂ ಅವನಿಗೆ ಅಳು ಬಂದಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ವಿರೂಪಾಕ್ಷ ತನ್ನ ಪಟ್ಟಿಯನ್ನು ಮತ್ತೆ ಬಿಡಿಸಿದ. ಅವನು ತನ್ನ ಕೆಲಸ ಬಲ್ಲವನು.

"ಅರ್ಥವಾಯಿತು, ಗುರುಗಳೇ. ಎರಡೆರಡು ಸಲ ಬಂದಿದೆಯೆಂದು ನಾನು ತೆಗೆದುಹಾಕಿದ್ದನ್ನೆಲ್ಲ ಮತ್ತೆ ಪರಿಶೀಲಿಸುತ್ತೇನೆ. ಪಟ್ಟಿ ಸರಿಹೋಗುತ್ತದೆ."

"ಪಟ್ಟಿ ಹಾಗಿರಲಿ ಮಗು, ಆ ಹಳೆಯ ಕಂಪ್ಯೂಟರುಗಳನ್ನು ಇಷ್ಟು ವರ್ಷ ನೋಡಿಕೊಂಡವರು ನಿನ್ನ ಬಾಗಿಲಿಗೆ ಎಷ್ಟು ಸಲ ಬಂದು ಹಿಂದಿರುಗಿದ್ದಾರೆ?"