ಪಿಸ್ತೂಲಿಗೆ ಕಟ್ಟಿದ ಎಳೆ

"ಅಪ್ಪಾವರೆ, ದಿನವೂ ನನ್ನಲ್ಲಿ ತಪ್ಪನ್ನೇ ಹುಡುಕುವವನಿಂದ ನನಗೆ ಏನು ಉಪಕಾರ?" ಎಂದು ಗುರುಪಾದ ಮಠದ ಗುರುಗಳನ್ನು ಕೇಳಿದ.

ಗುರುಪಾದ ಮಠದಲ್ಲಿ ಓದುತ್ತಿದ್ದ ಶಿಷ್ಯ. ಬರುವ ಸೋಮವಾರ ಅವನು ಮೊದಲ ಸಲ ಊರಿನ ಸಭೆಯ ಮುಂದೆ ಪ್ರವಚನ ಮಾಡುವುದಿತ್ತು. ಉಪಕಾರ ಸ್ಮರಣೆ ಅದರ ವಿಷಯ. ಊಟವಾದ ಮೇಲೆ ದಾಸೋಹದ ಪಡಸಾಲೆಯಲ್ಲಿ ನಿಂತು ಅವನು ಅದನ್ನು ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದ. ಕೇಳಿದವರೆಲ್ಲ ತಲೆದೂಗುತ್ತಿದ್ದರು. ದಾಸೋಹ ನೋಡಿಕೊಳ್ಳುವ ರಾಚಯ್ಯಜ್ಜ ಮಾತ್ರ ನಡುವೆ ಕೈಯೆತ್ತಿ ತಡೆಯುತ್ತಿದ್ದ. "ಉಪಕಾರ ಮಾಡಿದಾವ ಯಾರಂತ ನಮಗ ಗೊತ್ತಽ ಆಗದಿದ್ರ ಯಾರನ್ನ ನೆನೀಬೇಕಪಾ? ಅದನ್ನ ಹೇಳ್ಲೇ ಇಲ್ಲ ನೀ" ಎನ್ನುತ್ತಿದ್ದ. ಗುರುಪಾದನಿಗೆ ಉತ್ತರ ಗೊತ್ತಿರಲಿಲ್ಲ. ಸಾಕಾಗಿ, ಆ ಜಾಗದಲ್ಲಿ ಒಂದಿಷ್ಟು ದೊಡ್ಡ ದೊಡ್ಡ ಸಂಸ್ಕೃತದ ಮಾತು ತಂದು ಸುರಿದ. ನಿನ್ನೆ ಅಜ್ಜ ಅದನ್ನು ಕೇಳಿ, "ನನಗ ತಿಳೀಲಿಲ್ಲ. ತಿಳಿದವರಿಗೆ ತಿಳೀತದ, ಬಿಡು" ಎಂದು ಎದ್ದುಹೋಗಿದ್ದ.

"ಸಭೆಯಲ್ಲೂ ಕೈಯೆತ್ತಿದರೆ ನನ್ನ ಮಾನ ಹೋಗುತ್ತದೆ. ಸೋಮವಾರ ಅವನನ್ನು ಅಡುಗೆಮನೆಯಲ್ಲೇ ಇರಲು ಹೇಳಿ, ಅಪ್ಪಾವರೆ" ಎಂದ ಗುರುಪಾದ.

ಗುರುಗಳು ನಕ್ಕರು. "ಕೂತುಕೋ. ಒಬ್ಬ ನೇಕಾರನಿಗೂ ಅವನ ಷಡ್ಡಕನಿಗೂ ನಡುವೆ ನಡೆದ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಒಳ್ಳೆಯ ಕೈ. ಅವನು ನೇಯ್ದ ಸೀರೆಯ ಸೆರಗನ್ನು ಹೆಂಗಸರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಒಮ್ಮೆ ಸಂತೆಯಲ್ಲಿ, ಹಳೆಯ ಕಬ್ಬಿಣ ಮಾರುವವನ ಗೋಣಿಯ ಮೇಲೆ ಒಂದು ಪಿಸ್ತೂಲಿನ ನಳಿಗೆಯೂ ಮದ್ದಿಗೆ ಕಿಡಿ ಹೊಡೆಯುವ ಕುದುರೆಯೂ ಅವನ ಕಣ್ಣಿಗೆ ಬಿದ್ದವು. ಯಾವ ಸರದಾರನ ಸೊಂಟದಲ್ಲಿ ಮೆರೆದದ್ದೋ ಏನೋ, ಮರದ ಭಾಗವನ್ನು ಗೆದ್ದಲು ತಿಂದು ಮುಗಿಸಿತ್ತು. ನೇಕಾರ ಅದನ್ನು ಮನೆಗೆ ತಂದ. ತನ್ನ ಕೈಗೆ ಹೊಂದುವಂತೆ ತಾನೇ ಮರ ಕೆತ್ತಿ ಕೂರಿಸಬೇಕು, ದಸರೆಯ ಖಂಡೇಪೂಜೆಯ ದಿನ ದೇವರ ಜಗಲಿಯ ಮೇಲಿಟ್ಟು ಪೂಜಿಸಬೇಕು, ಮರುದಿನ ಬನ್ನಿಗಿಡದ ಹತ್ತಿರ ಊರಿನವರ ಮುಂದೆ ಹಾರಿಸಬೇಕು. ಅವನಿಗೆ ಬೇಟೆಯ ಹುಚ್ಚಿರಲಿಲ್ಲ, ಕಳ್ಳರ ಭಯವೂ ಇರಲಿಲ್ಲ. ಸುಮ್ಮನೆ ಆಸೆ. ಆಸೆಗೆ ಕಾರಣ ಕೇಳಿದವರು ಯಾರೂ ಉತ್ತರ ಪಡೆದಿಲ್ಲ.

ಒಣಗಿದ ಜಾಲಿಯ ತುಂಡೊಂದನ್ನು ತಂದ. ಸಂಜೆ ಮಗ್ಗದ ಕುಣಿಯಿಂದ ಮೇಲೆದ್ದವನೇ ಉಳಿ ಹಿಡಿದು ಕೂರುತ್ತಿದ್ದ. ನಳಿಗೆ ಮಲಗಲು ಮರದಲ್ಲಿ ಒಂದು ತೋಡು ಬೇಕು. ನಳಿಗೆಗೆ ದೀಪದ ಕಾಡಿಗೆ ಸವರಿ, ತೋಡಿನಲ್ಲಿ ಒತ್ತಿ, ಮೇಲೆತ್ತಿ ನೋಡುವುದು. ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮರ ಉಬ್ಬಿದೆ, ಅಷ್ಟನ್ನೇ ಕೆರೆಯುವುದು. ಮತ್ತೆ ಕಾಡಿಗೆ, ಮತ್ತೆ ಒತ್ತುವುದು, ಮತ್ತೆ ಕೆರೆಯುವುದು. ತೋಡಿನ ಉದ್ದಕ್ಕೂ ಒಂದೇ ಸಮ ಕಪ್ಪು ಹತ್ತಿದ ದಿನ ನಳಿಗೆ ಕೂತಿತೆಂದು ತಿಳಿಯಬೇಕು. ಕೂರದ ನಳಿಗೆ ಸಿಡಿತದ ಹೊಡೆತಕ್ಕೆ ಹಿಂದಕ್ಕೆ ಜಿಗಿದು, ಮರವನ್ನು ಸೀಳಿ, ಹಿಡಿದವನ ಕೈಯನ್ನೂ ಸೀಳುತ್ತದೆ. ಇದು ನೇಕಾರನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಹೋದರೆ ನೇಕಾರನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಗೆಳೆಯರು ಸಂಜೆ ಜಗಲಿಯಲ್ಲಿ ಸೇರುತ್ತಿದ್ದರು. ಮರದ ತುಂಡಿಗೆ ಇನ್ನೂ ಆಕಾರ ಬರುವ ಮೊದಲೇ "ಭಲೆ!" ಎಂದವರು ಅವರು. ಇಂಥದ್ದು ಅರಮನೆಯಲ್ಲೂ ಇರಲಿಕ್ಕಿಲ್ಲ ಎಂದು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು. ನೆರೆಯವರೂ ಅದನ್ನು ಮುದ್ದಿಸಿದರೆ ಕೇಳಬೇಕೆ? ನೇಕಾರ ಅವರಿಗೆ ಎಲೆಯಡಿಕೆ ಕೊಟ್ಟು, ನಾಳೆಯೂ ಬನ್ನಿ ಎನ್ನುತ್ತಿದ್ದ.

ಎದುರು ಮನೆಯಲ್ಲಿ ಅವನ ಷಡ್ಡಕನಿದ್ದ, ಹೆಂಡತಿಯ ಅಕ್ಕನ ಗಂಡ. ಅವನೂ ನೇಕಾರನೇ. ಮೊಸರಿನಲ್ಲಿ ಕಲ್ಲು ಹುಡುಕುವ ಸ್ವಭಾವ. ಪಿಸ್ತೂಲಿನ ವಿಷಯದಲ್ಲಿ ಅವನಿಗೆ ಓನಾಮವೂ ಗೊತ್ತಿರಲಿಲ್ಲ. ಆದರೂ ತಪ್ಪದೆ ಬರುತ್ತಿದ್ದ. ಬಂದವನು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಮಗ್ಗದ ಹಾಸಿನ ನೂಲಿನ ಎಳೆಯೊಂದನ್ನು ತೆಗೆದು, ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆಯುತ್ತಿದ್ದ. ಎಳೆ ಈ ಕಡೆ ಹೊಕ್ಕು ಆ ಕಡೆ ಹೊರಬರುತ್ತಿತ್ತು.

"ತಮ್ಮಾ, ನನ್ನ ಎಳಿ ಹೋತು. ಇನ್ನೂ ಕುಂತಿಲ್ಲ" ಎಂದು ಎದ್ದುಹೋಗುತ್ತಿದ್ದ. ಒಂದು ದಿನವಾದರೂ ಚೆನ್ನಾಗಿದೆ ಎಂದವನಲ್ಲ. ಎಲೆಯಡಿಕೆ ಕೊಟ್ಟರೆ ಅದನ್ನೂ ಒಲ್ಲೆ ಎನ್ನುತ್ತಿದ್ದ.

ನೇಕಾರನ ಮೈ ಉರಿಯುತ್ತಿತ್ತು. "ನಿಮ್ಮಕ್ಕನ ಗಂಡಗ ಹೊಟ್ಟಿಕಿಚ್ಚು" ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಜೋಳದ ಹಿಟ್ಟು ನಾದುತ್ತಲೇ, "ಹೊಟ್ಟಿಕಿಚ್ಚಿನಾವ ದಿನಾ ಯಾಕ ಬರ್ತಾನು? ಮನ್ಯಾಗ ಕುಂತಽ ಉರೀತಿದ್ದ" ಎಂದಳು. ನೇಕಾರನಿಗೆ ಆ ಮಾತು ಹಿಡಿಸಲಿಲ್ಲ.

ಹಬ್ಬ ಹತ್ತಿರ ಬಂತು. ಎಷ್ಟು ಕೆರೆದರೂ ಎಳೆ ಹೋಗುತ್ತಲೇ ಇತ್ತು. ಕೆರೆದ ಮರ ಮತ್ತೆ ಬೆಳೆಯುವುದಿಲ್ಲ. ಒಂದು ಕಡೆ ಅವನು ಹೆಚ್ಚಿಗೆ ಕೆರೆದುಬಿಟ್ಟಿದ್ದ. ಸರಿಮಾಡಬೇಕಾದರೆ ಹೊಸ ತುಂಡು ತಂದು ಮೊದಲಿನಿಂದ ಕೆತ್ತಬೇಕು. ಅಷ್ಟು ಹೊತ್ತಿಗೆ ಬನ್ನಿ ಮುಗಿದಿರುತ್ತದೆ. ನೇಕಾರ ಬಳೆಗಾರನ ಮನೆಗೆ ಹೋಗಿ ಒಂದು ಚೂರು ಅರಗು ತಂದ. ಅದನ್ನು ಕರಗಿಸಿ, ಕಾಡಿಗೆ ಬೆರೆಸಿ, ಸಂದಿಗೆ ಹೊಯ್ದ. ಆರಿದ ಮೇಲೆ ಬಟ್ಟೆಯಿಂದ ತಿಕ್ಕಿದ. ಮರ ಯಾವುದು, ಅರಗು ಯಾವುದು, ಅವನಿಗೇ ಗೊತ್ತಾಗಲಿಲ್ಲ.

ಷಡ್ಡಕ ಬಂದು ಎಳೆ ತೂರಿಸಿದ. ಹೋಗಲಿಲ್ಲ. ತಿರುಗಿಸಿ ಇನ್ನೊಂದು ಕಡೆ ನೋಡಿದ. ಅಲ್ಲೂ ಹೋಗಲಿಲ್ಲ. ಗಟ್ಟಿಯಾಗಿ ಒತ್ತಿದಾಗ ಎಳೆಯೇ ಹರಿಯಿತು. ಷಡ್ಡಕನ ಮುಖ ಅರಳಿತು. "ಆತು ತಮ್ಮಾ! ಈಗ ಕುಂತಿತು ನೋಡು" ಎಂದು ಬೆನ್ನು ತಟ್ಟಿ, ತಾನೇ ಕೈಚಾಚಿ ಎಲೆಯಡಿಕೆ ಕೇಳಿ ಹಾಕಿಕೊಂಡ. ಗೆದ್ದೆನೆಂದು ನೇಕಾರ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಹಬ್ಬದ ಹೋಳಿಗೆಯೂ ಅವನಿಗೆ ರುಚಿಸಲಿಲ್ಲ.

ಪೂಜೆ ಮುಗಿದು ಬನ್ನಿಯ ದಿನ ಬಂತು. ಊರು ಬಯಲಿನಲ್ಲಿ ನೆರೆಯಿತು. ನೇಕಾರ ಮದ್ದು ತುಂಬಿದ. ಗೆಳೆಯರು "ಹಾರಿಸು, ಹಾರಿಸು" ಎಂದು ಕೂಗುತ್ತಲೇ ಬನ್ನಿಕಟ್ಟೆಯ ಹಿಂದಕ್ಕೆ ಸರಿದು ಕುಳಿತರು. ಅಟ್ಟಕ್ಕೇರಿಸಿದವರು ಏಣಿ ಹಿಡಿದು ನಿಲ್ಲುವುದು ಎಲ್ಲಾದರೂ ಉಂಟೆ? ಅವರ ಮೇಲೆ ಸಿಟ್ಟಾಗುವುದೂ ಬೇಡ. ಅವರವರ ಕೈ ಅವರವರಿಗೆ ಪ್ರೀತಿ.

ನೇಕಾರ ಒಬ್ಬನೇ ನಿಂತಿದ್ದ. ಒಳಗಿರುವುದು ಸಿಡಿತಕ್ಕೆ ನಿಲ್ಲದ ಅರಗು ಎಂದು ಅಷ್ಟು ಜನರಲ್ಲಿ ಬಲ್ಲವನು ಅವನೊಬ್ಬನೇ. ಮಾನಕ್ಕಾಗಿ ತನ್ನ ಕೈ ಹೋದರೂ ಹೋಗಲಿ ಎಂದು ಕಣ್ಣು ಮುಚ್ಚಿದ.

ಯಾರೋ ಹತ್ತಿರ ಬಂದಂತಾಯಿತು. ಕಣ್ಣು ಬಿಟ್ಟರೆ ಷಡ್ಡಕ. ಧೋತರ ಎತ್ತಿಕಟ್ಟಿ ಬಲಗೈ ಚಾಚಿದ್ದ.

"ಇಲ್ಲಿ ಕೊಡು, ತಮ್ಮಾ. ಮೊದಲ್ನೇದು ನಾ ಹಾರಸ್ತೀನಿ. ನನ್ನ ಮಕ್ಕಳು ಮಗ್ಗಕ್ಕ ಕುಂತಾವ. ನಿನ್ನವು ಇನ್ನೂ ಸಣ್ಣವು."

ನೇಕಾರ ಪಿಸ್ತೂಲನ್ನು ಹಿಂದಕ್ಕೆ ಎಳೆದುಕೊಂಡ. "ನಿನಗ ಅಂಜಿಕಿ ಇಲ್ಲೇನಣ್ಣಾ?" ಎಂದ.

"ಯಾತರ ಅಂಜಿಕಿ? ಎಳಿ ಹಾಕಿ ನೋಡೀನಲ್ಲ" ಎಂದು ಷಡ್ಡಕ ನಕ್ಕ.

ನೇಕಾರ ಆ ಕೈಯನ್ನು ನೋಡಿದ. ಲಾಳಿ ಹಿಡಿದು ಹಿಡಿದು ಬೆರಳು ದಡ್ಡುಗಟ್ಟಿದ್ದವು. ಈ ಮನುಷ್ಯ ಇಷ್ಟು ದಿನ ತನ್ನ ಮನೆಗೆ ಏಕೆ ಬರುತ್ತಿದ್ದನೆಂದು ಅವನಿಗೆ ಆಗ ತಿಳಿಯಿತು. ಹೊಗಳಿದವರಲ್ಲಿ ಒಬ್ಬರಿಗೂ ಈ ಪಿಸ್ತೂಲನ್ನು ಹಿಡಿಯುವ ಯೋಚನೆ ಇರಲಿಲ್ಲ. ಇವನಿಗೆ ಮೊದಲ ದಿನದಿಂದಲೂ ಇತ್ತು. ಇವನು ತನ್ನ ಕೈಯನ್ನೇ ಇಡಬೇಕೆಂದಿದ್ದ ಜಾಗಕ್ಕೆ ಎಳೆ ಹಾಕಿ ನೋಡುತ್ತಿದ್ದ, ಅಷ್ಟೇ. ನೇಕಾರನ ಕಣ್ಣು ತುಂಬಿ ಬಂದವು. ಇಂಥವನು ತನಗೆ ಸಿಕ್ಕಿದ್ದಾನಲ್ಲ ಎಂದು ಅವನ ಎದೆ ಹಿಗ್ಗಿತು. ಇಂಥವನಿಗೆ ತಾನು ಮಾಡಿದ್ದೇನು ಎಂದು ಅದೇ ಎದೆ ಕುಸಿಯಿತು.

ಅವನು ಪಿಸ್ತೂಲನ್ನು ತಲೆಕೆಳಗು ಮಾಡಿ ಮದ್ದನ್ನು ನೆಲಕ್ಕೆ ಸುರಿದ. ಊರೆಲ್ಲ ಕೇಳುವಂತೆ, "ಬ್ಯಾಡಣ್ಣಾ. ಇದು ಕುಂತಿಲ್ಲ. ನಾ ಅರಗು ತುಂಬೀನಿ" ಎಂದ.

ಕಟ್ಟೆಯ ಹಿಂದಿನಿಂದ ನಗೆ ಎದ್ದಿತು. ಷಡ್ಡಕ ನಗಲಿಲ್ಲ, ಬೈಯಲೂ ಇಲ್ಲ. ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ನೋಡಿಕೊಂಡ. ಆಮೇಲೆ ಅದೇ ಕೈಯನ್ನು ನೇಕಾರನ ಹೆಗಲ ಮೇಲಿಟ್ಟು, "ಹಂಗಾರ ನಡಿ ಮನೀಗೆ. ಹೊಸಾ ತುಂಡು ಹುಡುಕೂಣು" ಎಂದ.

ಊರು ಬಹಳ ದಿನ ಆಡಿಕೊಂಡಿತು. ಗೆಳೆಯರು ಬೇರೆ ಜಗಲಿ ನೋಡಿಕೊಂಡರು. ನೇಕಾರನಿಗೆ ಅದೇನೂ ದೊಡ್ಡದೆನಿಸಲಿಲ್ಲ. ಸಂಜೆಯಾದರೆ ಕಾಡಿಗೆ ಸವರಿಟ್ಟುಕೊಂಡು, "ಅಣ್ಣಾ, ಎಳಿ ತಗೊಂಡು ಬಾ" ಎಂದು ತಾನೇ ಎದುರು ಮನೆಗೆ ಕೂಗುತ್ತಿದ್ದ. ಎಳೆ ಹೋದರೆ ಇಬ್ಬರೂ ನಗುತ್ತಿದ್ದರು. ಮುಂದಿನ ಬನ್ನಿಗೆ ಪಿಸ್ತೂಲು ಹಾರಿತು. ನೇಕಾರನ ಕೈಯ ಮೇಲೆ ಷಡ್ಡಕ ತನ್ನ ಕೈಯಿಟ್ಟಿದ್ದ. ಎರಡು ಕೈಗಳೂ ಸುಖವಾಗಿ ಮನೆಗೆ ಬಂದವು.

ಅಂದಿನಿಂದ ಖಂಡೇಪೂಜೆಯಲ್ಲಿ ನೇಕಾರ ಪಿಸ್ತೂಲಿನ ನಳಿಗೆಗೆ ಒಂದು ಹಾಸಿನ ಎಳೆಯನ್ನು ಸುತ್ತಿ ಕಟ್ಟಿ, ಅದಕ್ಕೆ ಮೊದಲು ಕುಂಕುಮ ಇಡುತ್ತಿದ್ದ. ಪಿಸ್ತೂಲಿಗೆ ಎಳೆ ಏಕೆ ಎಂದು ಕೇಳಿದವರಿಗೆ, "ಪೂಜಿ ಎಳೀಗೆ. ಪಿಸ್ತೂಲು ಅದರ ಸಂಗಾಟ ಬಂದೈತಿ" ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನ ಮನಸ್ಸು ಪೂರ್ತಿ ಒಪ್ಪಲಿಲ್ಲ.

"ಆ ಷಡ್ಡಕ ಕೈಯೊಡ್ಡಿದ, ಅಪ್ಪಾವರೆ. ರಾಚಯ್ಯಜ್ಜ ಬರೀ ಎಳೆ ಹಾಕಿ ನೋಡುತ್ತಾನೆ" ಎಂದ.

ಗುರುಗಳು ಮೇಲೆದ್ದು, ಹೊದ್ದ ಶಾಲನ್ನು ಸರಿಮಾಡಿಕೊಳ್ಳುತ್ತ ಹೇಳಿದರು: "'ಹುಡುಗ ಸಭಾದಾಗ ತಪ್ಪಿದ್ರ ಅವಗ ಏನೂ ಅನಬ್ಯಾಡ್ರಿ, ಕಲಿಸಿದಾವ ಈ ರಾಚಯ್ಯ ಅಂತ ನನ್ನ ಹೆಸರು ಹೇಳಿಬಿಡ್ರಿ' ಎಂದು ನಿನ್ನೆಯೇ ನನ್ನ ಹತ್ತಿರ ಬಂದು ಕೇಳಿಕೊಂಡು ಹೋಗಿದ್ದಾನೆ."